ಮೆಟ್ಟಿಲ ಕೆಳಗಿನ ಸೋಡಾ ಮಷೀನು

ಇಳಕಲ್ಲಿನ ಬಸ್ ಸ್ಟ್ಯಾಂಡಿನಿಂದ ಬಜಾರಕ್ಕೆ ಹೋಗುವ ರಸ್ತೆಯ ಎಡಬದಿಗೆ ಎರಡಂತಸ್ತಿನ ಒಂದು ಕಲ್ಲುಮನೆ ಇದೆ. ಅದರ ಹೊರಮೆಟ್ಟಿಲಿನ ಒಂಬತ್ತನೆಯ ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿ, ರಸ್ತೆಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ. ಬಗ್ಗುವ ಮುಂಚೆ ಎದುರಿನ ಕಟಿಂಗ್ ಶಾಪಿನ ಗಡಿಯಾರ ನೋಡಿದ್ದೆ. ಅದು ಐದು ನಿಮಿಷ ಮುಂದೆ ಓಡುತ್ತದೆ ಎಂದು ಆಮೇಲೆ ತಿಳಿಯಿತು. ಆದ್ದರಿಂದ ಹನ್ನೊಂದು ಗಂಟೆ ಐದು ನಿಮಿಷ ಎಂದು ಇಟ್ಟುಕೊಳ್ಳಿ. ನನ್ನ ಎಡಗೈ ಸೋಡಾ ಮಷೀನಿನ ತಲೆಯ ಮೇಲಿತ್ತು. ಬಲಗೈ ಮಷೀನಿನ ಹಿಂದೆ ಇತ್ತು. ಆ ಬಲಗೈ ಏನು ಮಾಡಿತು ಎಂಬುದನ್ನು ಆಗ ನಾನೊಬ್ಬನೇ ಬಲ್ಲವನಾಗಿದ್ದೆ.

ಅಲ್ಲಿಗೆ ಬರುವ ಮುಂಚೆ ನನ್ನ ಕೆಲಸವೇನೆಂದು ಹೇಳಬೇಕು. ಬಾಗಲಕೋಟೆಯ ಒಂದು ಏಜೆನ್ಸಿಯಲ್ಲಿ ನಾನು ಮಿಸ್ತ್ರಿಯಾಗಿದ್ದೆ. ಸಣ್ಣ ಅಂಗಡಿಗಳಿಗೆ ಟೇಬಲ್ಲಿನ ಮೇಲೆ ಕೂರುವ ಸೋಡಾ ಮಷೀನುಗಳನ್ನು ಆರಿಸಿ ಕೊಟ್ಟು, ಜೋಡಿಸಿ, ಮೊದಲ ಗ್ಲಾಸು ಸೋಡಾ ನಾನೇ ಕುಡಿದು ತೋರಿಸಿ ಬರುವುದು ಕೆಲಸ. ಬಾದಾಮಿ, ಹುನಗುಂದ, ಇಳಕಲ್ ನನ್ನ ಪಾಲಿನ ಊರುಗಳು. ಮಷೀನು ದೊಡ್ಡ ವಿಷಯವಲ್ಲ. ಒಳಗೆ ನೀರು ತಣ್ಣಗಾಗುತ್ತದೆ, ಸಿಲಿಂಡರಿನ ಗ್ಯಾಸು ಬಂದು ಅದರಲ್ಲಿ ಬೆರೆಯುತ್ತದೆ, ನಳದಿಂದ ಸೋಡಾ ಬರುತ್ತದೆ. ಕಷ್ಟವಿರುವುದು ಅದನ್ನು ಇಡುವ ಜಾಗದಲ್ಲಿ. ಜಾಗ ಯಾವಾಗಲೂ ಎರಡು ಬೆರಳು ಕಡಿಮೆಯೇ ಇರುತ್ತದೆ.

ಮೊದಮೊದಲು ನಾನು ಅಂಗಡಿಯವರು ಫೋನಿನಲ್ಲಿ ಹೇಳಿದ ಅಳತೆಯನ್ನು ನಂಬುತ್ತಿದ್ದೆ. ಹುನಗುಂದದ ಒಬ್ಬ ಪಾನ್ ಅಂಗಡಿಯವರು, "ಮೂರು ಗೇಣು ಜಾಗಾ ಐತ್ರಿ, ಆರಾಮ ಕುಂದ್ರತೈತಿ" ಎಂದರು. ನನ್ನ ಗೇಣಿನಲ್ಲಿ ಮೂರು ಎಂದರೆ ಮಷೀನಿಗೆ ಸರಿಹೋಗಿ ಅರ್ಧ ಗೇಣು ಉಳಿಯುತ್ತದೆ. ತೆಗೆದುಕೊಂಡು ಹೋದೆ. ಮನುಷ್ಯ ಎದ್ದು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದರು. ಕೈ ಅದಕ್ಕಿಂತ ಸಣ್ಣದು. "ನಿಮ್ಮ ಗೇಣ ಇಷ್ಟಽ ಏನ್ರಿ?" ಎಂದು ಕೇಳಿದೆ. "ದೇವರು ಕೊಟ್ಟದ್ದು ಇಷ್ಟಽ ರಿ. ನೀವು ಮಷೀನ ದೊಡ್ಡದು ಮಾಡೀರಿ" ಎಂದರು. ಅಂದಿನಿಂದ ಟೇಪು ಹಿಡಿದು ನಾನೇ ಹೋಗಿ ಅಳೆಯತೊಡಗಿದೆ.

ಟೇಪು ಹಿಡಿದರೂ ತಪ್ಪು ತಪ್ಪಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಒಂದು ಅಂಗಡಿಯ ಅಗಲ, ಉದ್ದ, ಎತ್ತರ ಎಲ್ಲ ಅಳೆದು ಮಷೀನನ್ನು ಕಟ್ಟೆಯ ಅಂಚಿಗೇ ಕೂರಿಸಿದೆ. ಗಿರಾಕಿಗೆ ಕಾಣಬೇಕಲ್ಲ. ಸಾಯಂಕಾಲ ಅಂಗಡಿಯವರು ಶೆಟರ್ ಎಳೆದರು. ಶೆಟರ್ ಮಷೀನಿನ ತಲೆಯ ಮೇಲೆ ಬಂದು ನಿಂತಿತು. ನಾನು ಅಳೆದದ್ದು ತೆರೆದ ಅಂಗಡಿಯನ್ನು, ಮುಚ್ಚಿದ ಅಂಗಡಿಯನ್ನಲ್ಲ. ಆದ್ದರಿಂದ ಹೊಸಬರಿಗೆ ಮೊದಲ ಮಾತು: ಅಳೆಯುವ ಮುಂಚೆ ಶೆಟರ್ ಒಮ್ಮೆ ಎಳೆಸಿ ನೋಡಿ. ಕಪಾಟಿನ ಬಾಗಿಲು ತೆಗೆಸಿ ನೋಡಿ. ಮಾಲೀಕರನ್ನು ಅವರ ಸ್ಟೂಲಿನ ಮೇಲೆ ಕೂರಿಸಿ ನೋಡಿ. ಅವರ ಹೊಟ್ಟೆಯೂ ಅಂಗಡಿಯ ಅಳತೆಯಲ್ಲಿ ಸೇರುತ್ತದೆ.

ಬಾದಾಮಿಯಲ್ಲಿ ಕಲಿತದ್ದು ನಳದ ವಿಷಯ. ಗವಿಗಳ ದಾರಿಯ ಒಂದು ಅಂಗಡಿಗೆ, ಗ್ಲಾಸನ್ನು ಒತ್ತಿದರೆ ತಾನೇ ಸೋಡಾ ಬೀಳುವ ನಳದ ಮಷೀನು ಆರಿಸಿ ಕೊಟ್ಟೆ. ಕೈ ಉಳಿಯುತ್ತದೆ ಎಂದು. ಮೂರನೆಯ ದಿನ ಫೋನು ಬಂತು. ಹೋಗಿ ನೋಡಿದರೆ ಒಂದು ಮಂಗ ಕಟ್ಟೆಯ ಮೇಲೆ ಕೂತು ಮೂತಿಯಿಂದಲೇ ನಳ ಒತ್ತುತ್ತಿತ್ತು. ಸೋಡಾ ಮೂಗಿಗೆ ಏರಿದಾಗ ಸೀನಿ, ನಮ್ಮನ್ನೇ ಬೈಯುವ ಹಾಗೆ ನೋಡಿ, ಮತ್ತೆ ಒತ್ತುತ್ತಿತ್ತು. ಅಂಗಡಿಯವರು ಇವತ್ತಿಗೂ ಹನ್ನೊಂದು ಮಂಗ ಬಂದಿದ್ದವು ಎನ್ನುತ್ತಾರೆ. ನಾನು ಕಂಡದ್ದು ಒಂದು. ಕೈಯಿಂದ ಮುಂದಕ್ಕೆ ಎಳೆಯುವ ನಳವನ್ನು ಹಾಕಿಕೊಟ್ಟೆ. ಅದನ್ನು ಕಲಿಯಲು ಮಂಗಕ್ಕೆ ಎಷ್ಟು ದಿನ ಬೇಕಾಯಿತು ಎಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ನಮ್ಮ ಏಜೆನ್ಸಿಯ ಸಾವ್ಕಾರರು ಒಳ್ಳೆಯವರು. ಮಷೀನಿನ ಬಗ್ಗೆ ಅವರಿಗೆ ಒಂದೇ ವಿದ್ಯೆ ಗೊತ್ತಿತ್ತು. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಹೇಳುತ್ತಿದ್ದರು: "ಏನರ ಆಗಲಿ, ತಪ್ಪು ಯಾರದು ಅಂತ ಗಿರಾಕಿ ಕೇಳಿದ್ರ ಕರೆಂಟಿಂದು ಅನ್ರಿ. ಕರೆಂಟ ಬಂದು ಜವಾಬ ಕೊಡೂದಿಲ್ಲ." ನಾನು ಇಪ್ಪತ್ತು ವರ್ಷ ಕರೆಂಟಿನ ಮೇಲೆ ಹೇಳಿದೆ. ನೀರು ಸೋರಿದರೂ ಕರೆಂಟು. ಬೋರಿನ ನೀರಿನ ಉಪ್ಪು ಕಟ್ಟಿ ನಳ ಮುಚ್ಚಿದರೂ ಕರೆಂಟು.

ಇನ್ನು ಇಳಕಲ್ಲಿಗೆ ಬರುತ್ತೇನೆ.

ಶಂಕ್ರವ್ವ ಆ ಕಲ್ಲುಮನೆಯ ಮೆಟ್ಟಿಲ ಕೆಳಗೆ ಲಿಂಬು ಶರಬತ್ತು ಮಾರುತ್ತಿದ್ದಳು. ಮೊದಲು ಸೀರೆ ಮಗ್ಗದ ಕೆಲಸ ಮಾಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ಮಗ್ಗದ ಕುಣಿಗೆ ಇಳಿಯಲಾಗದೆ ಇಲ್ಲಿ ನಿಂತಳು. ಜಾಗ ಕೊಟ್ಟವರು ಮನೆಯ ಮಾಲೀಕರು, ನಿವೃತ್ತ ಶಾಲಾ ಮಾಸ್ತರು. ಬಾಡಿಗೆ ಇಲ್ಲ, ಕಾಗದವೂ ಇಲ್ಲ, ಬಾಯಿಮಾತು. ಶರಬತ್ತಿನ ಜೊತೆ ಸೋಡಾ ಇಟ್ಟರೆ ಗಿರಾಕಿ ನಿಲ್ಲುತ್ತಾರೆ ಎಂದು ಆಕೆ ನಮ್ಮ ಏಜೆನ್ಸಿಗೆ ಮಷೀನು ಬೇಕೆಂದು ಹೇಳಿದ್ದಳು. ಅಳೆಯಲು ಹೋದ ದಿನವೇ ಮಾಸ್ತರು ಮೆಟ್ಟಿಲಿಳಿದು ಬಂದು ನಿಂತರು.

"ಸಿಲಿಂಡರ್ ಇರತೈತೇನು?"

"ಇರತೈತ್ರಿ. ಆದ್ರ ಇದು ಒಲಿ ಗ್ಯಾಸ್ ಅಲ್ರಿ, ಉರಿಯೂದಿಲ್ಲ."

"ಉರಿಯೂದಿಲ್ಲ, ಸಿಡಿತೈತೋ?"

"ನೆಟ್ಟಗ ಇಟ್ರ ಏನೂ ಆಗೂದಿಲ್ರಿ."

ಅವರು ಶಂಕ್ರವ್ವನ ಕಡೆ ತಿರುಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದರು: "ನೋಡು, ನಾ ಇದರ ನೆತ್ತಿ ಮ್ಯಾಲೆ ಮಲಗಾಂವ. ಒಂದು ಸಪ್ಪಳ ಕೇಳಿಸಿತೋ, ಅವತ್ತಽ ನಿನ್ನ ಸಾಮಾನು ರಸ್ತೆದಾಗ."

ಮಾಸ್ತರು ಮೇಲೆ ಹೋದ ಮೇಲೆ ಶಂಕ್ರವ್ವ ನನ್ನನ್ನು ಕೇಳಿದಳು: "ಅಣ್ಣಾರ, ಖರೆ ಹೇಳ್ರಿ. ಕುಕ್ಕರಿನಂಗ ಸೀಟಿ ಹೊಡಿತೈತೇನು? ಈ ಮೆಟ್ಟಲ ಬಿಟ್ರ ಬಜಾರದಾಗ ನನಗ ನಿಲ್ಲಾಕ ಜಾಗಾ ಇಲ್ಲ."

"ಸೀಟಿ ಇಲ್ಲವ್ವ, ಸುಮ್ಮನ ಗುಂಯ್ ಅಂತೈತಿ" ಎಂದೆ. ಅದು ನಿಜ. ಸರಿಯಾಗಿ ಕೂರಿಸಿದ ಮಷೀನು ಅಷ್ಟೇ ಅನ್ನುತ್ತದೆ.

ಸಾವ್ಕಾರರು ನಾಲ್ಕು ನಳದ ಮಷೀನು ಕೊಡು ಎಂದರು. ನಾನು ಬೇಡ ಎಂದೆ. ಮೆಟ್ಟಿಲ ಕೆಳಗಿನ ಜಾಗ ಮುಂದೆ ಎತ್ತರ, ಹಿಂದೆ ಹೋದಂತೆ ಇಳಿಜಾರು. ಮೇಲಿನಿಂದ ಮುಚ್ಚಳ ತೆಗೆಯುವ ಮಷೀನು ಅಲ್ಲಿ ಬಾಯಿಯನ್ನೇ ತೆರೆಯಲಾರದು. ಮುಂದಿನಿಂದಲೇ ಎಲ್ಲ ಬಿಚ್ಚಬಹುದಾದ ಎರಡು ನಳದ ಸಣ್ಣ ಮಷೀನನ್ನು ಆರಿಸಿದೆ. ದಿನಕ್ಕೆ ಎಷ್ಟು ಗ್ಲಾಸು ಎಂದು ಎಂದೂ ಕೇಳಬೇಡಿ. ಬಿಸಿಲು ಏರಿದಾಗ ಒಮ್ಮೆಗೇ ಎಷ್ಟು ಜನ ಬರುತ್ತಾರೆ ಎಂದು ಕೇಳಿ. ಆಕೆ "ಬಸ್ ಬಂದ್ರ ಹತ್ತು ಮಂದಿ" ಎಂದಳು. ಎರಡು ನಳ ಸಾಕು. ಕಟ್ಟೆಗೆ ರಾಜೇಸಾಬ ಎಂಬ ಗ್ರಾನೈಟ್ ಪಾಲಿಶ್ ಮಾಡುವವನು ಒಂದು ಹಾಸುಗಲ್ಲು ಕೊಯ್ದು ತಂದು ಕೂರಿಸಿದ. ಮುಖ ಕಾಣುವಂಥ ಪಾಲಿಶು.

ಆ ಶುಕ್ರವಾರ ಬೆಳಿಗ್ಗೆ ಮಷೀನು ಇಟ್ಟೆ. ಹಿಂದೆ ಗಾಳಿಯಾಡಲು ಒಂದು ಅಂಗೈ ಅಗಲ ಬಿಟ್ಟೆ. ಸಿಲಿಂಡರನ್ನು ಅದರ ಹಿಂದೆ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿ ಗೋಡೆಗೆ ಬಿಗಿದೆ. ಜಾಗ ಉಳಿಯಿತೆಂದು ಖುಷಿಪಟ್ಟೆ. ಇಲ್ಲಿ ನನ್ನ ಮೊದಲ ತಪ್ಪು. ಸಿಲಿಂಡರಿಗೆ ಎರಡು ತಿರುಗಣಿ. ಒಂದು ಸಿಲಿಂಡರಿನ ಬಾಯಿಯದು, ಬಲಕ್ಕೆ ತಿರುಗಿಸಿದರೆ ಬಂದ್. ಇನ್ನೊಂದು ಅದರ ಪಕ್ಕದ ರೆಗ್ಯುಲೇಟರಿನದು, ಗ್ಯಾಸಿನ ಒತ್ತಡ ಹೆಚ್ಚುಕಡಿಮೆ ಮಾಡುವುದು. ಅದನ್ನು ಬಲಕ್ಕೆ ತಿರುಗಿಸಿದರೆ ಒತ್ತಡ ಜೋರಾಗುತ್ತದೆ. ಎರಡೂ ಒಂದಕ್ಕೊಂದು ಗೇಣು ದೂರವೂ ಇಲ್ಲ. ನಾನು ಎರಡನ್ನೂ ಕಣ್ಣಿಗೆ ಕಾಣದ ಕಡೆ ಇಟ್ಟಿದ್ದೆ.

ಸಾಬೂನಿನ ನೊರೆ ಹಚ್ಚಿ ಎಲ್ಲಿಯಾದರೂ ಗ್ಯಾಸು ಸೋರುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಶಂಕ್ರವ್ವ ತಾಟು ಹಿಡಿದು ಬಂದಳು. ಅದರಲ್ಲಿ ಅಕ್ಕಿ, ಅರಿಶಿಣದ ಕೊಂಬು, ಅಡಿಕೆ, ಉತ್ತತ್ತಿ, ಕುಪ್ಪಸದ ಒಂದು ಖಣ.

"ಮನಿಗೆ ಬಂದ ಹೆಣ್ಣಿಗೆ ಉಡಿ ತುಂಬದ ಹೆಂಗ ದುಡಿಸೂದ್ರಿ?" ಎಂದಳು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಅರಿಶಿಣ ಹಾಕಿ ಕಳಿಸುವುದು ಎಲ್ಲರಿಗೂ ಗೊತ್ತು. ಮಷೀನಿಗೆ ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಇದರ ಉಡಿ ಎಲ್ಲೈತ್ರಿ ಅಣ್ಣಾರ?"

ನಾನು ನೊರೆ ನೋಡುತ್ತಿದ್ದೆ. ತಲೆ ಎತ್ತದೆ, "ಎಲ್ಲರ ತುಂಬವ್ವ" ಎಂದೆ. ಇದು ಎರಡನೆಯ ತಪ್ಪು.

ಮಷೀನಿನ ತಲೆಯ ಮೇಲೆ ಗಾಳಿಗೆಂದು ಸೀಳುಗಳಿರುತ್ತವೆ. ಆಕೆ ಖಣ ಹೊದಿಸಿ, ಅದರ ಅಂಚಿನಲ್ಲಿ ಉಳಿದ ಸೀಳುಗಳ ಮೇಲೆ ಐದು ಹಿಡಿ ಅಕ್ಕಿ, ಜೊತೆಗೆ ಕೊಂಬು, ಅಡಿಕೆ, ಉತ್ತತ್ತಿ ಹಾಕಿದಳು. ಒಳಗೆ ಇಳಿಯಿತು. "ಒಪ್ಪಿಗೊಂತು" ಎಂದಳು.

ಮಾಸ್ತರು ನಾಲ್ಕನೆಯ ಮೆಟ್ಟಿಲಿನವರೆಗೆ ಇಳಿದು ಬಂದು, "ಹೂಂ, ಚಾಲೂ ಮಾಡು" ಎಂದರು. ಮಾಡಿದೆ.

ಮಷೀನಿನ ಪಕ್ಕದ ಜಾಲರಿಯ ಹಿಂದೆ ಒಂದು ಸಣ್ಣ ಫ್ಯಾನಿದೆ. ಬಿಸಿಗಾಳಿ ಹೊರಗೆ ತಳ್ಳುವುದು ಅದರ ಕೆಲಸ. ಅದು ಗರಗರ ಎಂದು ತಿರುಗಿ, ಬಿಸಿಗಾಳಿಗೆ ಬದಲು ಅಕ್ಕಿಯನ್ನು ತಳ್ಳಿತು. ಅಕ್ಕಿ ನೇರವಾಗಿ ಹೋಗಿ ಮಾಸ್ತರ ಟೋಪಿ, ಮೀಸೆ, ಅಂಗಿಯ ಮೇಲೆ ಅಕ್ಷತೆಯಂತೆ ಬಿತ್ತು. ಎದುರಿನ ಕಟಿಂಗ್ ಶಾಪಿನ ಪರಸಪ್ಪ ಅಲ್ಲಿಂದಲೇ, "ಮಾಸ್ತರ, ಈ ವಯಸ್ಸಿನಾಗ ಲಗ್ನ ಏನ್ರಿ!" ಎಂದು ಕೂಗಿದ. ಅಷ್ಟರಲ್ಲಿ ಅರಿಶಿಣದ ಕೊಂಬು ಫ್ಯಾನಿಗೆ ಸಿಕ್ಕು ಟಕ್ ಎಂದು ಎಲ್ಲ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ನಾನು ಗಾಬರಿಯಾದೆ. ಮೊದಲು ಗ್ಯಾಸು ಬಂದ್ ಮಾಡಬೇಕೆಂದು ಬಲಗೈ ಹಿಂದೆ ಹಾಕಿದೆ. ಒಂದು ತಿರುಗಣಿ ಕೈಗೆ ಸಿಕ್ಕಿತು. ಬಲಕ್ಕೆ ತಿರುಗಿಸಿದೆ. ಇನ್ನಷ್ಟು ತಿರುಗಿಸಿದೆ.

ಬುಸ್ಸ್ಸ್ ಎಂದಿತು. ಒತ್ತಡ ಹೆಚ್ಚಾದರೆ ತಾನೇ ತೆರೆದು ಗ್ಯಾಸು ಹೊರಗೆ ಬಿಡುವ ಒಂದು ಸಣ್ಣ ಬಾಯಿ ರೆಗ್ಯುಲೇಟರಿಗೆ ಇರುತ್ತದೆ. ಅದು ತೆರೆಯಿತು. ಬೆಳ್ಳಗಿನ ತಣ್ಣನೆಯ ಹೊಗೆ ಮೆಟ್ಟಿಲಿನಡಿಯಿಂದ ಹೊರಗೆ ನುಗ್ಗಿತು. ಮಾಸ್ತರ ಟೋಪಿ ಹಾರಿತು ಎಂದು ಹೇಳುವವರಿದ್ದಾರೆ. ಹಾರಲಿಲ್ಲ. ಅವರೇ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೇಲಕ್ಕೆ ಓಡಿದರು. ನಾನು ಕಂಡಿದ್ದೇನೆ. ಕಟಿಂಗ್ ಶಾಪಿನಿಂದ ಪರಸಪ್ಪ ಕತ್ತಿ ಹಿಡಿದು ಹೊರಬಂದ. ಅವನ ಹಿಂದೆ, ಕೊರಳಿಗೆ ಬಟ್ಟೆ, ಒಂದು ಕೆನ್ನೆಗೆ ನೊರೆ, ಇನ್ನೊಂದು ಕೆನ್ನೆ ನುಣ್ಣಗೆ, ರಾಜೇಸಾಬ ಬಂದ. "ನನ್ನ ಕಲ್ಲು ಒಡೀತೇನು?" ಎಂಬುದು ಅವನ ಮೊದಲ ಮಾತು.

ನಾನು ಸರಿಯಾದ ತಿರುಗಣಿ ಹುಡುಕಿ ಬಂದ್ ಮಾಡಿದೆ. ಸದ್ದು ನಿಂತಿತು.

ಮಾಸ್ತರು ನಿಧಾನವಾಗಿ ಇಳಿದು ಬಂದರು. ಮೀಸೆಯಲ್ಲಿ ಇನ್ನೂ ಎರಡು ಕಾಳು ಅಕ್ಕಿ. "ಶಂಕ್ರವ್ವ, ಅಕ್ಕಿ ತುಂಬಿ ಮಷೀನ ಒಡಿದಿ. ಇನ್ನ ಸಾಮಾನು ತಗಿ."

ಆಕೆ ಲಿಂಬೆಹಣ್ಣುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದಳು.

ನನ್ನ ನಾಲಿಗೆಯ ತುದಿಯಲ್ಲಿ ಸಾವ್ಕಾರರ ವಿದ್ಯೆ ಇತ್ತು. ಆದರೆ ಮಾಸ್ತರ ಮನೆಯ ಬಲ್ಬು ಹಗಲಲ್ಲೂ ಅಲುಗದೆ ಉರಿಯುತ್ತಿತ್ತು, ಕರೆಂಟಿನ ಮೇಲೆ ಹೇಳುವಂತಿರಲಿಲ್ಲ. ಅಕ್ಕಿಯ ಮೇಲೆ ಹೇಳಬಹುದಿತ್ತು. ಎಲ್ಲರೂ ಆಗಲೇ ನಂಬಿದ್ದರು, ನಾನು ಸುಮ್ಮನಿದ್ದರೆ ಸಾಕಾಗಿತ್ತು. ಆಕೆ ಏಳನೆಯ ಲಿಂಬೆ ಹಾಕುವಾಗ ಬಾಯಿ ತೆರೆದೆ.

"ಮಾಸ್ತರ, ಅಕ್ಕಿಯಿಂದ ಫ್ಯಾನ ನಿಂತೈತಿ, ಅಷ್ಟಽ. ಆ ಸಪ್ಪಳ ಅಕ್ಕಿದಲ್ಲ. ನನ್ನದು."

"ನಿನ್ನದು? ಯಾವ ಕೈ?"

"ಬಲಗೈರಿ."

"ಏನ ಮಾಡಿತು?"

"ಬಲಕ್ಕ ತಿರುವಿತ್ರಿ."

"ಯಾಕ?"

"ಬಂದ್ ಮಾಡಾಕ್ರಿ."

"ಬಂದಾತೇನು?"

"ಇಲ್ರಿ. ಜೋರಾತ್ರಿ. ಅದು ಬ್ಯಾರೆ ತಿರುಗಣಿ ಇತ್ತು."

ಮಾಸ್ತರು ಮೀಸೆಯ ಅಕ್ಕಿ ಕೊಡವಿಕೊಂಡರು. "ಹುಡುಗೂರ ನಡುವ ಕೂದಲ ಬೆಳ್ಳಗ ಮಾಡೇನಿ. ಒಬ್ಬನ್ನ ಉಳಿಸಾಕ ಇನ್ನೊಬ್ಬ 'ನಾನಽ ಮಾಡೇನಿ ಸರ್' ಅಂತ ಏಳೂದು ನನಗೇನ ಹೊಸಾದಲ್ಲ. ಖರೆ ಇದ್ರ ಮತ್ತೊಮ್ಮೆ ಮಾಡಿ ತೋರಿಸು."

ಹೊಸಬರು ಇದನ್ನು ಓದಿ ಮಾಡಲು ಹೋಗಬೇಡಿ. ನಾನು ಮೊದಲು ಅಕ್ಕಿ, ಕೊಂಬು, ಉತ್ತತ್ತಿ ಎಲ್ಲ ತೆಗೆದು ಫ್ಯಾನು ಸ್ವಚ್ಛ ಮಾಡಿದೆ. ಮಷೀನಿಗೆ ಹೋಗುವ ಗ್ಯಾಸಿನ ಕೊಳವೆಯನ್ನು ಮುಚ್ಚಿದೆ. ಆ ಜಾಗ ಮೂರು ಕಡೆ ತೆರೆದಿತ್ತು. ಈ ಗ್ಯಾಸು ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಾದರೆ ಕೆಳಗೆ ತುಂಬಿ ಉಸಿರು ಕಟ್ಟಿಸುತ್ತದೆ. ಅಲ್ಲಿ ಆ ಭಯವಿರಲಿಲ್ಲ.

"ಎಲ್ಲಾರೂ ಸರೀರಿ" ಎಂದೆ. ಮಾಸ್ತರು ಟೋಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಏಳನೆಯ ಮೆಟ್ಟಿಲಿಗೆ ಹೋದರು. ಪರಸಪ್ಪ, ರಾಜೇಸಾಬ ರಸ್ತೆ ದಾಟಿ ನಿಂತರು. ಶಂಕ್ರವ್ವ ಮಾತ್ರ ಮಷೀನಿನ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಸರಿಯವ್ವ" ಎಂದೆ.

"ನಾ ಸರಿಯೂದಿಲ್ಲ. ಹಾರಿದ್ರ ಇಬ್ಬರೂ ಕೂಡೇ ಹಾರ್ತೇವಿ."

ರೆಗ್ಯುಲೇಟರಿನ ತಿರುಗಣಿಯನ್ನು ಬಲಕ್ಕೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಸುತ್ತು. ಏನೂ ಇಲ್ಲ.

"ಎಲ್ಲಿ?" ಎಂದರು ಮಾಸ್ತರು, ಮೇಲಿನಿಂದ.

ಇಷ್ಟು ವರ್ಷ ಪ್ರತಿ ಮಷೀನಿನ ಮುಂದೆ ನಿಂತು, ಏನೂ ಆಗದಿರಲಿ ಎಂದು ಬೇಡಿಕೊಂಡವನು ನಾನು. ಅವತ್ತು ಮೊದಲ ಬಾರಿ, ಏನಾದರೂ ಆಗಲಿ ಎಂದು ಬೇಡಿಕೊಂಡೆ. ಬೆವರು ಒರೆಸಿಕೊಳ್ಳುವಾಗ ನೆನಪಾಯಿತು, ಸಿಲಿಂಡರಿನ ಬಾಯಿಯನ್ನೇ ತೆರೆದಿರಲಿಲ್ಲ. ಮೆಲ್ಲಗೆ ತೆರೆದೆ.

ಬುಸ್ಸ್ಸ್!

ಅದೇ ಸದ್ದು, ಅದೇ ಹೊಗೆ. ಕೂಡಲೇ ಬಂದ್ ಮಾಡಿದೆ, ಈ ಸಲ ಸರಿಯಾದದ್ದನ್ನೇ. ರಸ್ತೆಯ ಆಚೆಯಿಂದ ಪರಸಪ್ಪ ಚಪ್ಪಾಳೆ ಹೊಡೆದ. ಮಾಸ್ತರು ಇಳಿದು ಬಂದು, "ಸಪ್ಪಳ ಅದಽ ಐತಿ" ಎಂದು ತೀರ್ಪು ಕೊಟ್ಟರು. ಆಮೇಲೆ ಮೇಲೆ ಹೋಗಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತಂದರು.

"ಹಿಂದಿನ ಮಗ್ಗಲ ಹತ್ತು ಸಲ ಬರಿ. ಯಾವುದನ್ನ ಬಲಕ್ಕ ತಿರುವಿದ್ರ ಬಂದ್, ಯಾವುದನ್ನ ತಿರುವಿದ್ರ ಜೋರ."

"ಮಾಸ್ತರ, ನನ್ನ ವಯಸ್ಸು—"

"ಹತ್ತು ಸಲ."

ರಾಜೇಸಾಬನ ಹೊಳೆಯುವ ಕಲ್ಲಿನ ಮೇಲೆ ಹಾಳೆಯಿಟ್ಟು ಬರೆದೆ. ಅವನು ಅರ್ಧ ಗಡ್ಡದಲ್ಲಿ ನಿಂತು, "ಮಿಸ್ತ್ರಿ, ಎಂಟಽ ಆಗ್ಯಾವ, ಇನ್ನೆರಡು" ಎಂದು ಎಣಿಸಿದ. ಮಾಸ್ತರು ಕೆಂಪು ಪೆನ್ನು ತೆಗೆದು ಒಂದೊಂದು ಸಾಲಿಗೂ ಗುರುತು ಹಾಕಿದರು. ಹತ್ತಕ್ಕೆ ಒಂಬತ್ತು ಕೊಟ್ಟರು. ಅಕ್ಷರ ಗುಂಡಗಿಲ್ಲ ಎಂದು ಒಂದು ಕಡಿಮೆ. ಕೆಳಗೆ ತಾವೇ ಬರೆದು ಸಹಿ ಮಾಡಿದರು: "ಪರೀಕ್ಷಿಸಿದ್ದೇನೆ. ಮಷೀನಿನ ತಪ್ಪಿಲ್ಲ. ಶಂಕ್ರವ್ವನ ತಪ್ಪಿಲ್ಲ. ಇಲ್ಲಿ ಇರಲಿ."

ಶಂಕ್ರವ್ವ ಬುಟ್ಟಿಯಿಂದ ಲಿಂಬೆಗಳನ್ನು ಹೊರಗೆ ತೆಗೆದಳು. ಸಿಲಿಂಡರನ್ನು ನಾನು ಹಿಂದಿನಿಂದ ತೆಗೆದು ಪಕ್ಕಕ್ಕೆ, ಎರಡೂ ತಿರುಗಣಿ ಕಣ್ಣಿಗೆ ಕಾಣುವಂತೆ ನಿಲ್ಲಿಸಿ ಸರಪಳಿ ಬಿಗಿದೆ. ಜಾಗ ಎರಡು ಬೆರಳು ಕಡಿಮೆಯಾಯಿತು. ಆಗಲಿ. ಉಡಿಯನ್ನು ನಳದ ಕೆಳಗಿನ ತಟ್ಟೆಯಲ್ಲಿ ಇನ್ನೊಮ್ಮೆ ತುಂಬಿಸಿದೆವು. ಆಮೇಲೆ ನಿವೃತ್ತನಾಗುವವರೆಗೂ ಪ್ರತಿ ಅಂಗಡಿಯಲ್ಲಿ, ಟೇಪು ಬಿಚ್ಚುವ ಮುಂಚೆಯೇ, "ಉಡಿ ತುಂಬೂದು ಐತೇನ್ರಿ?" ಎಂದು ಕೇಳುತ್ತಿದ್ದೆ. ಐದರಲ್ಲಿ ಒಬ್ಬರಾದರೂ "ಹೌದ್ರಿ, ನಿಮಗ ಹೆಂಗ ಗೊತ್ತಾತು?" ಎನ್ನುತ್ತಿದ್ದರು.

ಬಾಗಲಕೋಟೆಗೆ ಹೋಗಿ ಸಾವ್ಕಾರರಿಗೆ ನಡೆದದ್ದು ಹೇಳಿದೆ. "ಕರೆಂಟಿಂದು ಅನ್ನಾಕ ನಿನಗೇನ ಬ್ಯಾನಿ ಆಗಿತ್ತು?" ಎಂದು ಬೈದರು. ಒಂದು ವಾರ ಬಿಟ್ಟು ಎಲ್ಲ ರೆಗ್ಯುಲೇಟರುಗಳ ತಿರುಗಣಿಗೆ ಕೆಂಪು ಬಣ್ಣ ಬಳಿಸಿದರು. ಅದು ತಮಗೇ ಹೊಳೆದದ್ದು ಎಂದು ಎಲ್ಲರಿಗೂ ಹೇಳಿದರು. ನಾನು ಹೌದೆಂದೆ.

ಮಾಸ್ತರು ಬದುಕಿರುವವರೆಗೂ ದಿನಾ ಹನ್ನೊಂದಕ್ಕೆ ಇಳಿದು ಬಂದು ಸೋಡಾ ಕುಡಿಯುತ್ತಿದ್ದರಂತೆ. ಗ್ಲಾಸನ್ನು ಶಂಕ್ರವ್ವನೇ ನಾಲ್ಕನೆಯ ಮೆಟ್ಟಿಲಿಗೆ ಹತ್ತಿ ಕೊಡಬೇಕಾಗಿತ್ತು. ಅದಕ್ಕಿಂತ ಹತ್ತಿರ ಅವರು ಬರುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಬಂದು, ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸುತ್ತೇನೆ, ಜಾಗ ಬಿಡು ಎಂದನಂತೆ. ಆಕೆ ಗೋಡೆಗೆ ಅಂಟಿಸಿದ ಹಾಳೆ ತೋರಿಸಿದಳು. ಅವನು ತಂದೆಯ ಕೆಂಪು ಅಕ್ಷರವನ್ನು ಕಡೆಯ ಸಾಲಿನವರೆಗೂ ಓದಿ, ಒಂದು ಸೋಡಾ ಕುಡಿದು, ಸ್ಕೂಟರನ್ನು ಕಟಿಂಗ್ ಶಾಪಿನ ಮುಂದೆ ನಿಲ್ಲಿಸಿದ. ಇದನ್ನು ನಾನು ಕಂಡಿಲ್ಲ, ಪರಸಪ್ಪ ಹೇಳಿದ್ದು.

ಆ ಶುಕ್ರವಾರ ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟು ಈಗ ಮೂವರಿದ್ದಾರೆ. ಪರಸಪ್ಪ ಇದ್ದಾನೆ, ಟೋಪಿ ಹಾರಿತೆಂದು ಹೇಳುವವನು ಅವನೇ, ನಂಬಬೇಡಿ. ರಾಜೇಸಾಬ ಇದ್ದಾನೆ, ಅವನಿಗೆ ಕಲ್ಲು ಒಡೆಯಲಿಲ್ಲ ಎಂಬುದೊಂದೇ ನೆನಪಿದೆ. ಶಂಕ್ರವ್ವ ಇದ್ದಾಳೆ, ಅದೇ ಒಂಬತ್ತನೆಯ ಮೆಟ್ಟಿಲ ಕೆಳಗೆ. ಕೇಳಿದವರಿಗೆ ಆಕೆ ಕೈ ಒರೆಸಿಕೊಂಡು ಮೊದಲು ಹಾಳೆ ತೋರಿಸುತ್ತಾಳೆ, ಆಮೇಲೆ ಸೋಡಾ ಕೊಡುತ್ತಾಳೆ.